ಡ್ರಾಯಿಂಗ್ ಎಷ್ಟು ಕೈ ದಾಟುತ್ತೆ? ರಕ್ಷಣಾ ರಫ್ತಿನ ನಿಯಮ ಪಾಲಿಸಲು ಸಣ್ಣ ಶಾಪ್‌ಗೆ ಯಾವ ದಾರಿ ಸರಿ

ಪೀಣ್ಯದಲ್ಲಿ ಎಂಟು ಸಿಎನ್‌ಸಿ ಮಷಿನ್ (ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕೊರೆಯುವ ಯಂತ್ರ) ಇಟ್ಟುಕೊಂಡಿರುವವರೊಬ್ಬರು ಹೋದ ತಿಂಗಳು ಫೋನ್ ಮಾಡಿದ್ದರು. ಅಮೆರಿಕದ ಕಂಪನಿಯೊಂದು ಅಲ್ಯೂಮಿನಿಯಂ ಬ್ರಾಕೆಟ್‌ಗೆ ಕೊಟೇಶನ್ ಕೇಳಿದೆ. ಪಾರ್ಟ್ ಸುಲಭ, ರೇಟೂ ಚೆನ್ನಾಗಿದೆ. ಆದರೆ ಡ್ರಾಯಿಂಗ್ ಕಳಿಸುವ ಮುಂಚೆ ಅವರು ಉದ್ದದ ಒಂದು ಫಾರ್ಮ್ ಕಳಿಸಿದ್ದಾರೆ. ನಿಮ್ಮಲ್ಲಿ ಎಕ್ಸ್‌ಪೋರ್ಟ್ ಕಂಟ್ರೋಲ್ ನೋಡಿಕೊಳ್ಳುವವರು ಯಾರು, ಡೇಟಾ ಎಲ್ಲಿಡುತ್ತೀರಿ, ಕೆಲಸಗಾರರು ಯಾವ ದೇಶದ ಪ್ರಜೆಗಳು, ಯಾವ ಕೆಲಸ ಹೊರಗೆ ಕೊಡುತ್ತೀರಿ, ಹೀಗೆ. "ಸರ್, ಇದಕ್ಕೆ ಅಂತ ಒಬ್ಬರನ್ನ ಇಟ್ಕೋಬೇಕಾ? ಕನ್ಸಲ್ಟೆಂಟ್ ಹಿಡೀಬೇಕಾ? ನಾನೇ ಬರೆದು ಕಳಿಸಿದ್ರೆ ನಡೆಯುತ್ತಾ? ಇಲ್ಲಾ ಈ ಸಹವಾಸಾನೇ ಬೇಡ ಅಂದ್ಬಿಡ್ಲಾ?"

ಇದೇ ಪ್ರಶ್ನೆ ಈಚೆಗೆ ಸುಮಾರು ಜನ ಕೇಳುತ್ತಿದ್ದಾರೆ. ಹಾಗಾಗಿ ಒಮ್ಮೆ ಕೂತು ಬರೆಯುತ್ತಿದ್ದೇನೆ. ನಾನು ಬಹಳ ವರ್ಷ ಕ್ವಾಲಿಟಿ ವಿಭಾಗದಲ್ಲಿದ್ದವನು. ಈಗ ಕೆಲವು ಶಾಪ್‌ಗಳಿಗೆ ಈ ಕಾಗದದ ಕೆಲಸ ಮಾಡಿಕೊಡುತ್ತೇನೆ. ಅಂದರೆ ನಾನೂ ಒಂಥರಾ ಕನ್ಸಲ್ಟೆಂಟೇ. ಕನ್ಸಲ್ಟೆಂಟ್ ದಾರಿ ಬಗ್ಗೆ ನಾನು ಬರೆದದ್ದನ್ನು ಅದು ನೆನಪಿಟ್ಟುಕೊಂಡೇ ಓದಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಎಲ್ಲರ ಕಣ್ಣೂ ಪಾರ್ಟ್ ಮೇಲೆ. ಪ್ಯಾಕಿಂಗ್, ಇನ್‌ವಾಯ್ಸ್, ಶಿಪ್ಪಿಂಗ್ ಬಿಲ್, "ಅದೆಲ್ಲ ಸಿಎಚ್‌ಎ (ಕಸ್ಟಮ್ಸ್ ಏಜೆಂಟ್) ನೋಡ್ಕೋತಾನೆ" ಅನ್ನುವ ಧೈರ್ಯ. ಸಿಎಚ್‌ಎ ಕೈಗೆ ಪೆಟ್ಟಿಗೆ ಸಿಗುವುದು ಕಡೆಯ ದಿನ. ಡ್ರಾಯಿಂಗ್ ಅಷ್ಟು ಹೊತ್ತಿಗೆ ಊರೆಲ್ಲ ಸುತ್ತಿ ಬಂದಿರುತ್ತೆ. ಈ ನಿಯಮಗಳಲ್ಲಿ ಡ್ರಾಯಿಂಗ್ ಕೊಡುವುದೂ ರಫ್ತೇ. ಎಡವುವುದು ಅಲ್ಲೇ.

ಅಳತೆಗೋಲು ಯಾವುದು

ದಾರಿ ಆರಿಸುವ ಮುಂಚೆ ನಾಲ್ಕು ವಿಷಯಕ್ಕೆ ಉತ್ತರ ಇರಬೇಕು. ಮೊದಲನೆಯದಕ್ಕೆ ಸ್ವಲ್ಪ ಜಾಸ್ತಿ ಜಾಗ ತೆಗೆದುಕೊಳ್ಳುತ್ತೇನೆ, ಗೊಂದಲ ಇರುವುದೇ ಅಲ್ಲಿ.

ಒಂದು, ನಿಮ್ಮ ಪಾರ್ಟ್‌ಗೆ ಯಾವ ಕಾನೂನು ಅನ್ವಯಿಸುತ್ತೆ? ಅಮೆರಿಕದಲ್ಲೇ ಎರಡಿವೆ. ಐಟಾರ್ (ITAR) ಅನ್ನುವುದು ಮಿಲಿಟರಿ ವಸ್ತುಗಳ ರಫ್ತಿನ ನಿಯಮ, ಅವರ ವಿದೇಶಾಂಗ ಇಲಾಖೆಯದು. 1976ರ ಶಸ್ತ್ರಾಸ್ತ್ರ ರಫ್ತು ಕಾಯ್ದೆಯ ಕೆಳಗೆ ಬರುತ್ತೆ, ಅದರ ಪಟ್ಟಿಯಲ್ಲಿ 21 ವಿಭಾಗಗಳಿವೆ. ಇಎಆರ್ (EAR) ಅನ್ನುವ ಇನ್ನೊಂದು ರಫ್ತು ನಿಯಮ ವಾಣಿಜ್ಯ ಇಲಾಖೆಯದು. ನಾಗರಿಕ ವಿಮಾನದ ಬಿಡಿಭಾಗ, ನಾಗರಿಕ, ಮಿಲಿಟರಿ ಎರಡೂ ಕಡೆ ಬಳಕೆಯಾಗುವ ವಸ್ತು, ಮಿಲಿಟರಿಯದೇ ಆದರೂ ಅಷ್ಟು ಸೂಕ್ಷ್ಮವಲ್ಲದ '600 ಸೀರೀಸ್' ಪಾರ್ಟ್‌ಗಳು ಇಲ್ಲಿ ಬರುತ್ತವೆ. 2018ರಲ್ಲಿ ಅಮೆರಿಕ ಭಾರತವನ್ನು ಎಸ್‌ಟಿಎ-1 ಅನ್ನುವ, ಲೈಸೆನ್ಸ್ ಸಡಿಲಿಕೆ ಇರುವ ದೇಶಗಳ ಗುಂಪಿಗೆ ಸೇರಿಸಿತಲ್ಲ, ಆ ಸಡಿಲಿಕೆ ಇಎಆರ್‌ಗೆ ಮಾತ್ರ. ಐಟಾರ್‌ಗೂ ಅದಕ್ಕೂ ಸಂಬಂಧ ಇಲ್ಲ. ಎಷ್ಟೋ ಜನ ಇವೆರಡನ್ನೂ ಬೆರೆಸಿಕೊಂಡು "ಈಗ ಎಲ್ಲಾ ಫ್ರೀ ಆಗಿದೆ ಬಿಡಿ" ಅನ್ನುತ್ತಾರೆ.

ಇದರ ಮೇಲೆ ನಮ್ಮದೇ ಕಾನೂನು ಇದೆ. ಅದೇ ಸ್ಕೋಮೆಟ್ (SCOMET) ಪಟ್ಟಿ, ರಫ್ತಿಗೆ ಸರ್ಕಾರದ ಅನುಮತಿ ಬೇಕಾದ ವಸ್ತುಗಳದ್ದು. 0ಯಿಂದ 8ರವರೆಗೆ ವಿಭಾಗಗಳು. ಬಹುಪಾಲಿಗೆ ಅನುಮತಿ ಕೊಡುವುದು ಡಿಜಿಎಫ್‌ಟಿ, ಅಂದರೆ ವಿದೇಶ ವ್ಯಾಪಾರದ ಮಹಾನಿರ್ದೇಶನಾಲಯ. 0ನೇ ವಿಭಾಗ ಅಣುಶಕ್ತಿ ಇಲಾಖೆಯದು. 6ನೇ ವಿಭಾಗ, ಅಂದರೆ ಮಿಲಿಟರಿ ವಸ್ತುಗಳದ್ದು, ರಕ್ಷಣಾ ಸಚಿವಾಲಯದ ರಕ್ಷಣಾ ಉತ್ಪಾದನಾ ಇಲಾಖೆಗೆ ಸೇರಿದ್ದು. ಮಿಲಿಟರಿ ವಿಮಾನಕ್ಕೆಂದೇ ವಿನ್ಯಾಸ ಮಾಡಿದ ಬ್ರಾಕೆಟ್ ಆದರೆ ಅದು ಆ ವಿಭಾಗದ 6ಎ010 ಅನ್ನುವ ನಂಬರ್‌ನ ಹತ್ತಿರ ಬಂದು ನಿಲ್ಲುತ್ತೆ. ಪಾರ್ಟ್ ಎಷ್ಟು ಚಿಕ್ಕದು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ.

ಗಿರಾಕಿ "ನಮ್ಮ ಹತ್ತಿರ ಅಮೆರಿಕದ ಲೈಸೆನ್ಸ್ ಇದೆ" ಅಂದರೆ ಡ್ರಾಯಿಂಗ್ ನಮ್ಮ ಹತ್ತಿರ ಬರಬಹುದು ಅಂತ ಅರ್ಥ. ಪಾರ್ಟ್ ವಾಪಸ್ ಕಳಿಸಲು ನಮ್ಮ ಸರ್ಕಾರದ ಅನುಮತಿ ಬೇರೆ ಬೇಕಾಗಬಹುದು. ಎರಡು ಬಾಗಿಲು, ಎರಡು ಬೀಗ. ಒಂದರ ಕೀಲಿ ಇನ್ನೊಂದಕ್ಕೆ ಹತ್ತಲ್ಲ.

ಇದನ್ನೆಲ್ಲ ನೀವೇ ಪತ್ತೆ ಮಾಡಬೇಕಿಲ್ಲ. ಗಿರಾಕಿಗೆ ಒಂದು ಮೇಲ್ ಹಾಕಿ: ಈ ಪಾರ್ಟ್ ಐಟಾರೋ ಇಎಆರೋ, ಯಾವ ವಿಭಾಗ, ಯಾವ ನಂಬರ್, ಯಾವ ಲೈಸೆನ್ಸ್ ಮೇಲೆ ಡ್ರಾಯಿಂಗ್ ಕಳಿಸುತ್ತಿದ್ದೀರಿ? ಬರವಣಿಗೆಯಲ್ಲೇ ಉತ್ತರ ತರಿಸಿ. ಫೋನಿನಲ್ಲಿ ಹೇಳಿದ್ದು ಹೇಳಿದ ಹಾಗಲ್ಲ. ಸ್ಕೋಮೆಟ್ ನಂಬರ್ ಮಾತ್ರ ನೀವು ಹುಡುಕಿಕೊಳ್ಳಬೇಕು. ಗಿರಾಕಿ ಕೊಟ್ಟ ನಂಬರ್ ಕೈಯಲ್ಲಿದ್ದರೆ ಅದು ಅರ್ಧ ಸುಲಭ.

ಎರಡು, ಡ್ರಾಯಿಂಗ್ ಎಷ್ಟು ಕೈ ದಾಟುತ್ತೆ? ಪ್ರೋಗ್ರಾಮರ್, ಆಪರೇಟರ್, ಇನ್‌ಸ್ಪೆಕ್ಟರ್, ಆಮೇಲೆ ಹೊರಗಿನ ಹೀಟ್ ಟ್ರೀಟ್‌ಮೆಂಟ್, ಗ್ರೈಂಡಿಂಗ್, ಅನೊಡೈಸಿಂಗ್ (ಅಲ್ಯೂಮಿನಿಯಂ ಮೇಲ್ಮೈಗೆ ರಕ್ಷಣೆಯ ಪದರ ಕೊಡುವುದು), ಫಿಕ್ಸ್ಚರ್ ಮಾಡುವವರು. ಕೂತು ಎಣಿಸಿ. ಐದು ಅಂದುಕೊಂಡಿದ್ದವರಿಗೆ ಹದಿನೇಳು ಬಂದದ್ದನ್ನು ನೋಡಿದ್ದೇನೆ.

ಮೂರು, ಒಳಗೆ ಇರುವವರು ಯಾರು? ಐಟಾರ್ ಲೈಸೆನ್ಸ್ ಡ್ರಾಯಿಂಗನ್ನು ಭಾರತಕ್ಕೆ ಕಳಿಸಲು ಇರುತ್ತೆ. ಶಾಪ್‌ನಲ್ಲಿ ನೇಪಾಳದ ಹುಡುಗನೊಬ್ಬ ಮಷಿನ್ ಮೇಲಿದ್ದರೆ, ಅವನಿಗೆ ಡ್ರಾಯಿಂಗ್ ತೋರಿಸಿದರೆ ಅದು ನೇಪಾಳಕ್ಕೆ ಮತ್ತೊಮ್ಮೆ ರಫ್ತು ಮಾಡಿದ ಹಾಗೆ. ಹುಡುಗ ಹತ್ತು ವರ್ಷದಿಂದ ಇಲ್ಲೇ ಇದ್ದಾನೆ, ಕನ್ನಡ ನಿಮಗಿಂತ ಚೆನ್ನಾಗಿ ಮಾತಾಡುತ್ತಾನೆ, ಅದು ಬೇರೆ ಮಾತು. ಇಂಥವರಿಗೆ ಅಂತಲೇ ನಿಯಮದಲ್ಲಿ ಷರತ್ತಿನ ಮೇಲೆ ವಿನಾಯಿತಿ ಇದೆ. ಆದರೆ ಗಿರಾಕಿಗೆ ಮೊದಲೇ ತಿಳಿಸಿ, ಒಪ್ಪಿಗೆ ಪಡೆದು ಮಾಡಬೇಕು.

ನಾಲ್ಕು, ಈ ಕೆಲಸ ನಿಮ್ಮ ವಹಿವಾಟಿನಲ್ಲಿ ಎಷ್ಟು ಪಾಲು? ಒಂದೇ ಸಲದ್ದೋ, ಐದು ವರ್ಷ ನಡೆಯುವುದೋ? ಖರ್ಚಿನ ಲೆಕ್ಕ ನಿಲ್ಲುವುದು ಇದರ ಮೇಲೆ.

ಮೊದಲ ದಾರಿ: ಮನೆಯವರೇ ನೋಡಿಕೊಳ್ಳುವುದು

ಮಾಲೀಕರೋ, ಲೆಕ್ಕ ನೋಡುವ ಮೇಡಂ‌ಅವರೋ, ಕ್ವಾಲಿಟಿಯವರೋ ಯಾರಾದರೂ ಒಬ್ಬರಿಗೆ ಈ ಜವಾಬ್ದಾರಿ. ಒಂದು ರಿಜಿಸ್ಟರ್, ಬೀಗ ಇರುವ ಒಂದು ಬೀರು, ಇಂಟರ್ನೆಟ್ ಇಲ್ಲದ ಒಂದು ಡೆಸ್ಕ್‌ಟಾಪ್, ಒಂದು ಶ್ರೆಡರ್. ಲಕ್ಷ ರೂಪಾಯಿ ಒಳಗೇ ಮುಗಿಯುವ ಏರ್ಪಾಡು.

ಇದನ್ನು ಕೀಳಾಗಿ ನೋಡಬೇಡಿ. ಹತ್ತು ಹದಿನೈದು ಜನರ ಶಾಪ್, ಒಬ್ಬನೇ ಗಿರಾಕಿ, ಇಪ್ಪತ್ತು ಮೂವತ್ತು ಡ್ರಾಯಿಂಗ್ ಅಂದರೆ ಇದಕ್ಕಿಂತ ಗಟ್ಟಿ ದಾರಿ ಇಲ್ಲ. ರಿಜಿಸ್ಟರ್‌ನಲ್ಲಿ ಏನಿರಬೇಕು? ಡ್ರಾಯಿಂಗ್ ನಂಬರ್, ರಿವಿಷನ್, ಬಂದ ದಿನ, ಎಷ್ಟು ಪ್ರಿಂಟ್ ತೆಗೆದಿರಿ, ಯಾರಿಗೆ ಕೊಟ್ಟಿರಿ, ಯಾವಾಗ ವಾಪಸ್ ಬಂತು, ಯಾವಾಗ ನಾಶ ಮಾಡಿದಿರಿ, ಸಹಿ. ನಮ್ಮ ಟೂಲ್ ಕ್ರಿಬ್‌ನಲ್ಲಿ (ಉಪಕರಣ ಇಡುವ ಕೋಣೆ) ಮೈಕ್ರೋಮೀಟರ್ ಕೊಡುವಾಗ ಬರೆದುಕೊಳ್ಳುತ್ತೇವಲ್ಲ, ಥೇಟ್ ಹಾಗೆ. ಗಿರಾಕಿ, ಮಧ್ಯವರ್ತಿ, ಸಾಗಣೆ ಕಂಪನಿ ಇವರ ಹೆಸರು ನಿಷೇಧದ ಪಟ್ಟಿಯಲ್ಲಿದೆಯಾ ಅಂತ ನೋಡಲು ಅಮೆರಿಕ ಸರ್ಕಾರದ ಒಟ್ಟು ಪಟ್ಟಿ ಆನ್‌ಲೈನ್‌ನಲ್ಲೇ ಪುಕ್ಕಟೆ ಹುಡುಕಬಹುದು. ಹುಡುಕಿದ ಪುಟದ ಪ್ರಿಂಟ್ ತೆಗೆದು, ತಾರೀಕು ಹಾಕಿ ಫೈಲ್‌ಗೆ ಸೇರಿಸಿ. ದಾಖಲೆಗಳನ್ನು 5 ವರ್ಷ ಇಡಬೇಕು. ಈ ಒಂದು ವಿಷಯದಲ್ಲಿ ಐಟಾರ್, ಇಎಆರ್, ಸ್ಕೋಮೆಟ್ ಮೂರೂ ಒಂದೇ ಮಾತು.

ಕಷ್ಟ ಎಲ್ಲಿ ಅಂದರೆ, ಆ ಒಬ್ಬರು ರಜೆ ಹಾಕಿದ ದಿನ. ಮದುವೆ ಸೀಸನ್‌ನಲ್ಲಿ ಮೂರು ದಿನ ಊರಿಗೆ ಹೋದರೆ ಬೀರುವಿನ ಕೀಲಿ ಯಾರ ಹತ್ತಿರ? ರಾತ್ರಿ ಪಾಳಿಯಲ್ಲಿ ಆಪರೇಟರ್‌ಗೆ ಒಂದು ಡೈಮೆನ್ಷನ್ ಸಂದೇಹ ಬಂದರೆ ಯಾರು ತೆಗೆದುಕೊಡುತ್ತಾರೆ? ಆಗಲೇ ಫೋನಿನಲ್ಲಿ ಒಂದು ಫೋಟೋ ಹೊಡೆಯುವುದು. ಹಾಗಾಗಿ ಈ ದಾರಿ ಹಿಡಿದರೆ ಎರಡನೇ ಕೀಲಿಯವರನ್ನು ಮೊದಲೇ ಗೊತ್ತು ಮಾಡಿ.

ಇನ್ನೊಂದು ಕೊರತೆ: ಸ್ಕೋಮೆಟ್ ಪಟ್ಟಿ ಆಗಾಗ ಬದಲಾಗುತ್ತೆ. ಮಾಲೀಕರಿಗೆ ಆರ್ಡರ್, ಬ್ಯಾಂಕು, ಕರೆಂಟು, ಜನ ಇವುಗಳ ಮಧ್ಯೆ ಅದನ್ನು ಓದಲು ಪುರುಸೊತ್ತು ಎಲ್ಲಿ?

ಎರಡನೇ ದಾರಿ: ಕನ್ಸಲ್ಟೆಂಟ್

ವರ್ಗೀಕರಣ ಮಾಡಿಸಲು, ಮೊದಲ ಸ್ಕೋಮೆಟ್ ಅರ್ಜಿ ಹಾಕಿಸಲು, ಗಿರಾಕಿಯ ಫಾರ್ಮ್ ತುಂಬಲು, ವರ್ಷಕ್ಕೊಮ್ಮೆ ಬಂದು ತಪ್ಪು ಹುಡುಕಲು ಕನ್ಸಲ್ಟೆಂಟ್ ಒಳ್ಳೆಯ ದಾರಿ. ಮೊದಲ ಅರ್ಜಿ ಒಂದು ದೊಡ್ಡ ಕೆಲಸವೇ. ಎಂಡ್ ಯೂಸರ್ ಸರ್ಟಿಫಿಕೇಟ್‌ನಲ್ಲಿ (ಪಾರ್ಟ್ ಕೊನೆಗೆ ಯಾರು ಬಳಸುತ್ತಾರೆ ಅನ್ನುವ ಪತ್ರ) ಒಂದು ಹೆಸರು ಪಿಓದಲ್ಲಿ, ಅಂದರೆ ಗಿರಾಕಿಯ ಖರೀದಿ ಆದೇಶದಲ್ಲಿ, ಇದ್ದ ಹಾಗಿಲ್ಲದಿದ್ದರೂ ಪ್ರಶ್ನೆ ಬಂದು ವಾರಗಟ್ಟಲೆ ಎಳೆಯುತ್ತೆ. ಹತ್ತು ಅರ್ಜಿ ನೋಡಿದವರಿಗೆ ಅದು ಮೊದಲೇ ಕಾಣುತ್ತೆ.

ಒಳ್ಳೆಯ ಕನ್ಸಲ್ಟೆಂಟ್ ನಿಮಗೆ ಉಳಿಸಿಕೊಡುವ ಕೆಲಸಕ್ಕೆ ಒಂದು ಉದಾಹರಣೆ. ರಕ್ಷಣಾ ಉತ್ಪಾದನಾ ಇಲಾಖೆ 2019ರಲ್ಲಿ ಓಪನ್ ಜನರಲ್ ಎಕ್ಸ್‌ಪೋರ್ಟ್ ಲೈಸೆನ್ಸ್ ಅಂತ ಒಂದನ್ನು ತಂದಿತು. ಗೊತ್ತುಮಾಡಿದ ಬಿಡಿಭಾಗಗಳನ್ನು ಗೊತ್ತುಮಾಡಿದ ದೇಶಗಳಿಗೆ ಕಳಿಸುವುದಾದರೆ, ಒಮ್ಮೆ ಅದನ್ನು ಪಡೆದುಕೊಂಡರೆ ಪ್ರತಿ ಶಿಪ್‌ಮೆಂಟ್‌ಗೂ ಬೇರೆ ಅನುಮತಿ ಬೇಕಾಗಿಲ್ಲ. ಅಮೆರಿಕವೂ ಆ ಪಟ್ಟಿಯಲ್ಲಿದೆ. ತಿಂಗಳಿಗೊಂದು ಪೆಟ್ಟಿಗೆ ಕಳಿಸುವವರಿಗೆ ಇದು ಎಷ್ಟು ಅನುಕೂಲ ಯೋಚಿಸಿ. ನಿಮ್ಮ ಪಾರ್ಟ್ ಅದರೊಳಗೆ ಬರುತ್ತಾ ಇಲ್ಲವಾ ಅಂತ ನೋಡಿ ಹೇಳುವುದಕ್ಕೇ ಕನ್ಸಲ್ಟೆಂಟ್ ಫೀಸ್ ಸಾರ್ಥಕ.

ಆದರೆ ಒಂದು ಎಚ್ಚರಿಕೆ. ಯಾರಾದರೂ ಬಂದು "ನಿಮಗೆ ಐಟಾರ್ ಸರ್ಟಿಫಿಕೇಟ್ ಮಾಡಿಸಿಕೊಡ್ತೀವಿ" ಅಂದರೆ ಕಾಫಿ ಕೊಟ್ಟು ಕಳಿಸಿಬಿಡಿ. ಅಮೆರಿಕ ಸರ್ಕಾರ ಅಂಥ ಸರ್ಟಿಫಿಕೇಟ್ ಯಾರಿಗೂ ಕೊಡುವುದಿಲ್ಲ. ಅಲ್ಲಿಯ ತಯಾರಕರು, ರಫ್ತುದಾರರು ನೋಂದಣಿ ಮಾಡಿಸಿಕೊಳ್ಳಬೇಕು, ನಿಜ. ಅದು ನೋಂದಣಿ ಅಷ್ಟೇ, ಅರ್ಹತಾಪತ್ರ ಅಲ್ಲ. ಪೀಣ್ಯದ ಶಾಪ್‌ಗೆ ಅದು ಅನ್ವಯಿಸುವುದೂ ಇಲ್ಲ. ನೀವು ಪಾಲಿಸಬೇಕಾದದ್ದು ಗಿರಾಕಿಯ ಲೈಸೆನ್ಸ್‌ನಲ್ಲಿ, ಕರಾರಿನಲ್ಲಿ ಬರೆದಿರುವ ಷರತ್ತು. ಗೋಡೆಗೆ ಹಾಕುವ ಫ್ರೇಮಿಗೆ ದುಡ್ಡು ಕೊಡಬೇಡಿ.

ಕನ್ಸಲ್ಟೆಂಟ್ ಮಾಡಲಾಗದ ಕೆಲಸವೂ ಇದೆ. ತಿಂಗಳಿಗೆ ಒಂದು ದಿನ ಬರುವವನಿಗೆ ಮಂಗಳವಾರ ರಾತ್ರಿ ಪ್ಲೇಟಿಂಗ್‌ನವರಿಗೆ ಏನು ಹೋಯಿತು ಅಂತ ಗೊತ್ತಾಗಲ್ಲ. ನನ್ನದೇ ಅನುಭವ ಹೇಳುತ್ತೇನೆ. ಒಂದು ಶಾಪ್‌ನಲ್ಲಿ ಮ್ಯಾನ್ಯುಯಲ್ ಬರೆದೆ, ಟ್ರೇನಿಂಗ್ ಕೊಟ್ಟೆ, ಎಲ್ಲರೂ ಸಹಿ ಹಾಕಿದರು. ಮೂರು ತಿಂಗಳಾದ ಮೇಲೆ ಅವರ ಅನೊಡೈಸಿಂಗ್ ವೆಂಡರ್ ಹತ್ತಿರ ಬೇರೆ ಕೆಲಸಕ್ಕೆ ಹೋದೆ. ಟ್ಯಾಂಕ್ ಪಕ್ಕದ ಗೋಡೆಯಲ್ಲಿ, ದೇವರ ಕ್ಯಾಲೆಂಡರ್ ಕೆಳಗೆ, ನಮ್ಮ ಡ್ರಾಯಿಂಗ್‌ನ ಜೆರಾಕ್ಸ್ ಅಂಟಿಸಿದ್ದರು. ಎಚ್ಚರಿಕೆಯ ಸಾಲು ಇರುವ ಕೆಳಗಿನ ಮೂಲೆಯನ್ನು ಮಡಚಿ, ಅದರ ಮೇಲೇ ಸೆಲೋಟೇಪ್. ಯಾರೂ ಕೆಟ್ಟವರಲ್ಲ. ಮಾಸ್ಕಿಂಗ್ (ಪದರ ಬೇಡದ ಜಾಗ ಮುಚ್ಚುವುದು) ಎಲ್ಲಿ ಅಂತ ಹುಡುಗನಿಗೆ ಕಾಣಲಿ ಅಂತ ಅಂಟಿಸಿದ್ದರು, ಅಷ್ಟೇ. ನನ್ನ ಮ್ಯಾನ್ಯುಯಲ್‌ನಲ್ಲಿ ಹೊರಗಿನ ವೆಂಡರ್ ಬಗ್ಗೆ ಅರ್ಧ ಪುಟ ಇತ್ತು. ಈಗ ಬರೆಯುವುದರಲ್ಲಿ ಅದೇ ಜಾಸ್ತಿ ಇರುತ್ತೆ.

ಮೂರನೇ ದಾರಿ: ಪೂರ್ತಿ ಹೊತ್ತಿನ ಒಬ್ಬರು, ಜೊತೆಗೆ ಸಾಫ್ಟ್‌ವೇರ್

ನೂರಕ್ಕೂ ಹೆಚ್ಚು ಜನ, ಮೂರು ನಾಲ್ಕು ವಿದೇಶಿ ಗಿರಾಕಿಗಳು, ಐಟಾರ್, ಇಎಆರ್, ಯುರೋಪಿನ ನಿಯಮ ಎಲ್ಲಾ ಒಟ್ಟಿಗೆ ಇದ್ದರೆ ಇದರ ಹೊರತು ಬೇರೆ ದಾರಿ ಇಲ್ಲ. ದೇವನಹಳ್ಳಿ, ಬೆಳಗಾವಿ ಕಡೆಯ ದೊಡ್ಡ ಏರೋಸ್ಪೇಸ್ ಘಟಕಗಳ ಮಟ್ಟದ ಕೆಲಸ. ಸಂಬಳ ಪ್ರತಿ ತಿಂಗಳ ಖರ್ಚು, ಸಾಫ್ಟ್‌ವೇರ್ ಚಂದಾ ಪ್ರತಿ ವರ್ಷದ ಖರ್ಚು. ಒಂದೇ ಒಂದು ಆರ್ಡರ್ ನಂಬಿಕೊಂಡು ಇದನ್ನು ಹೊತ್ತುಕೊಳ್ಳಬೇಡಿ.

ಸಾಫ್ಟ್‌ವೇರ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿದೆ. ಯಾರು ಯಾವ ಫೈಲ್ ಯಾವಾಗ ತೆರೆದರು ಅನ್ನುವುದು ತಾನಾಗೇ ದಾಖಲಾಗುತ್ತೆ, ಅದು ದೊಡ್ಡ ಲಾಭ. ಆದರೆ ಅನುಮತಿಗಳನ್ನು ಸರಿಯಾಗಿ ಕೂರಿಸದಿದ್ದರೆ ಅದೇ ದೊಡ್ಡ ಬಾಗಿಲು. ಬೋಯಿಂಗ್‌ನಂಥ ಬೋಯಿಂಗ್ 2024ರಲ್ಲಿ 5.1 ಕೋಟಿ ಡಾಲರ್ ದಂಡಕ್ಕೆ ಒಪ್ಪಿಕೊಂಡಿತು. ಅದರಲ್ಲಿದ್ದ ಆರೋಪಗಳಲ್ಲಿ ಒಂದು, ಚೀನಾದಲ್ಲಿದ್ದ ಅದರದೇ ಉದ್ಯೋಗಿಗಳು ಕಂಪನಿಯ ಡಿಜಿಟಲ್ ಕೋಶದಿಂದ ನಿಯಂತ್ರಿತ ಫೈಲ್‌ಗಳನ್ನು ಇಳಿಸಿಕೊಂಡಿದ್ದರು ಅನ್ನುವುದು. ಅವರ ಹತ್ತಿರ ಸಾಫ್ಟ್‌ವೇರ್ ಇರಲಿಲ್ಲವಾ?

ನಡುವಿನ ದಾರಿ ಒಂದಿದೆ, ಅದನ್ನು ಜಾಸ್ತಿ ಜನ ಹಿಡಿಯಬೇಕು ಅನ್ನುವುದು ನನ್ನ ಆಸೆ. ಇರುವ ಕ್ವಾಲಿಟಿ ಇಂಜಿನಿಯರ್‌ಗೇ ಅರ್ಧ ಹೊತ್ತು ಈ ಕೆಲಸ ಕೊಡಿ, ಅದಕ್ಕೆ ತಕ್ಕ ಸಂಬಳ ಜಾಸ್ತಿ ಮಾಡಿ. ಎಎಸ್9100 (ಏರೋಸ್ಪೇಸ್ ಕ್ವಾಲಿಟಿ ಮಾನದಂಡ) ಪಾಲಿಸುವ ಶಾಪ್ ಆದರೆ ಡಾಕ್ಯುಮೆಂಟ್ ಕಂಟ್ರೋಲ್ ಅವರಿಗೆ ಮೊದಲೇ ಗೊತ್ತಿರುತ್ತೆ. ಸಂಬಳ ಏರಿಸದೆ "ಇದೂ ನೋಡ್ಕೊಳ್ಳಮ್ಮ" ಅಂದರೆ ಆರು ತಿಂಗಳಲ್ಲಿ ಕಲಿತು ಬೇರೆ ಕಡೆ ಹೋಗುತ್ತಾರೆ. ಅವರ ತಪ್ಪಲ್ಲ.

ನಾಲ್ಕನೇ ದಾರಿ: ಬೇಡ ಅನ್ನುವುದು

ಇದೂ ಮರ್ಯಾದೆಯ ದಾರಿಯೇ. ನಾಗರಿಕ ವಿಮಾನದ ಪಾರ್ಟ್‌ಗಳಿಗೆ ನಿಯಂತ್ರಣ ಬಹಳ ಕಡಿಮೆ. ಸೀಟಿನ ಭಾಗ, ಬಾಗಿಲಿನ ಹಿಂಜ್, ಕ್ಯಾಬಿನ್ ಬ್ರಾಕೆಟ್ ಇವುಗಳಲ್ಲೇ ಹೊಟ್ಟೆ ತುಂಬಿಸಿಕೊಂಡ ಶಾಪ್‌ಗಳು ಬೇಕಾದಷ್ಟಿವೆ. ಯುರೋಪಿನ ಕೆಲವು ಗಿರಾಕಿಗಳು 'ಐಟಾರ್ ಇಲ್ಲದ' ಉತ್ಪನ್ನ ಬೇಕು ಅಂತಲೇ ಹುಡುಕುತ್ತಾರೆ. ಯಾಕೆ ಅಂದರೆ ಐಟಾರ್ ಪಾರ್ಟ್ ಒಂದು ಒಳಗೆ ಕೂತರೆ ಅದರ ಷರತ್ತು ಇಡೀ ಯಂತ್ರದ ಜೊತೆ ಹೋಗುತ್ತೆ. ಮಿಲಿಟರಿ ಪಾರ್ಟ್ ಆದರೆ ಅಲ್ಲಿಗೆ ಕಳಿಸಲೂ ಸ್ಕೋಮೆಟ್ ನೋಡಲೇಬೇಕು, ಅದು ಬಿಡಲ್ಲ.

"ಹಾಗಾದ್ರೆ ಎಚ್‌ಎಎಲ್ ಕೆಲಸ ಮಾತ್ರ ಮಾಡ್ತೀನಿ, ರಫ್ತೇ ಇಲ್ಲ" ಅನ್ನುವವರಿದ್ದಾರೆ. ದೇಶದೊಳಗಿನ ಕೆಲಸಕ್ಕೆ ರಫ್ತು ಅನುಮತಿ ಬೇಡ, ಸರಿ. ಆದರೆ ಡ್ರಾಯಿಂಗ್‌ನ ಮೂಲ ವಿದೇಶದ್ದಾಗಿದ್ದರೆ ಆ ಷರತ್ತು ಡ್ರಾಯಿಂಗ್ ಜೊತೆಗೇ ನಿಮ್ಮ ಬಾಗಿಲಿಗೆ ಬಂದಿರುತ್ತೆ. ಟೈಟಲ್ ಬ್ಲಾಕ್ (ಡ್ರಾಯಿಂಗ್ ಮೂಲೆಯ ವಿವರದ ಚೌಕ) ಓದುವ ಅಭ್ಯಾಸ ಅಲ್ಲೂ ಬೇಕು.

ಬೇಡ ಅನ್ನುವುದಾದರೆ ಡ್ರಾಯಿಂಗ್ ಬರುವ ಮುಂಚೆಯೇ ಅನ್ನಿ. ಬಂದ ಮೇಲೆ ಆರ್ಡರ್ ಬೇಡ ಅಂದರೂ ಫೈಲ್ ನಿಮ್ಮ ಇನ್‌ಬಾಕ್ಸ್‌ನಲ್ಲಿ ಉಳಿಯುತ್ತೆ, ಜವಾಬ್ದಾರಿಯೂ ಉಳಿಯುತ್ತೆ. ಕೊಟೇಶನ್ ಹಂತ ಅಂತ ಹಗುರವಾಗಿ ನೋಡಬೇಡಿ. ಹನಿವೆಲ್ 2021ರಲ್ಲಿ 1.3 ಕೋಟಿ ಡಾಲರ್‌ಗೆ ಪ್ರಕರಣ ಮುಗಿಸಿಕೊಂಡದ್ದು ಇಂಥದ್ದಕ್ಕೇ. ರೇಟ್ ಕೇಳಲು ಅಂತ ಕಳಿಸಿದ್ದರಲ್ಲಿ 71 ನಿಯಂತ್ರಿತ ಡ್ರಾಯಿಂಗ್‌ಗಳು ಚೀನಾ, ತೈವಾನ್ ಸೇರಿ ಐದು ಕಡೆ ಹೋಗಿದ್ದವು. ನೀವು ರೇಟ್ ತಿಳಿಯಲು ಡ್ರಾಯಿಂಗನ್ನು ನಾಲ್ಕು ಪ್ಲೇಟಿಂಗ್ ಶಾಪ್‌ಗೆ ಹಾಕುತ್ತೀರಲ್ಲ, ಅದೂ ಇದೇ ಜಾತಿಯ ತಪ್ಪು.

ಯಾವ ದಾರಿ ಹಿಡಿದರೂ: ಫೈಲ್ ಎಲ್ಲಿಡುತ್ತೀರಿ?

ಇದು ಆಯ್ಕೆಯೊಳಗಿನ ಆಯ್ಕೆ. ದುಡ್ಡಿಗಿಂತ ಅಭ್ಯಾಸದ ಪ್ರಶ್ನೆ.

ಇಂಟರ್ನೆಟ್ ಇಲ್ಲದ ಒಂಟಿ ಕಂಪ್ಯೂಟರ್ ಅಗ್ಗ, ಗಟ್ಟಿ. ಆದರೆ ಪ್ರೋಗ್ರಾಂ ಮಷಿನ್‌ಗೆ ಹೋಗುವುದು ಪೆನ್‌ಡ್ರೈವ್‌ನಲ್ಲಿ. ಆ ಪೆನ್‌ಡ್ರೈವ್ ಯಾರ ಜೇಬಿನಲ್ಲಿದೆ ಅಂತ ಕೇಳಿ ನೋಡಿ. ಮಾಡೆಲ್, ಎನ್‌ಸಿ ಪ್ರೋಗ್ರಾಂ, ಬಲೂನ್ ಹಾಕಿದ (ಅಳತೆಗಳಿಗೆ ನಂಬರ್ ಕೊಟ್ಟ) ಇನ್‌ಸ್ಪೆಕ್ಷನ್ ಡ್ರಾಯಿಂಗ್, ಸಿಎಂಎಂ (ಅಳತೆ ಯಂತ್ರ) ರಿಪೋರ್ಟ್, ಇವೆಲ್ಲ ಮೂಲ ಡ್ರಾಯಿಂಗ್‌ನ ಮಕ್ಕಳು. ಅದಕ್ಕಿರುವ ಕಟ್ಟುಪಾಡು ಇವಕ್ಕೂ ಇದೆ. ಕೆಂಪು ಬಣ್ಣದ, ನಂಬರ್ ಹಾಕಿದ ಎರಡೇ ಪೆನ್‌ಡ್ರೈವ್ ಇಡಿ, ಸಂಜೆ ಎಣಿಸಿ.

ಒಳಗಿನ ಸರ್ವರ್, ಮಷಿನ್‌ಗಳಿಗೆ ನೇರ ಕೇಬಲ್: ಹತ್ತು ಮಷಿನ್ ದಾಟಿದವರಿಗೆ ಇದೇ ಸರಿ. ಸರ್ವರ್ ನೋಡಿಕೊಳ್ಳಲು ಬರುವ ಹೊರಗಿನ ಐಟಿ ಹುಡುಗನಿಗೆ ಆ ಫೋಲ್ಡರ್ ಕಾಣದ ಹಾಗೆ ಮಾಡಿಸಿ. ಎಲ್ಲರೂ ಮರೆಯುವುದು ಅವನನ್ನೇ.

ಕ್ಲೌಡ್: 2020ರ ಮಾರ್ಚ್‌ನಿಂದ ಐಟಾರ್‌ನಲ್ಲಿ ಒಂದು ಅವಕಾಶ ಇದೆ. ರಹಸ್ಯ ವರ್ಗಕ್ಕೆ ಸೇರದ ಡೇಟಾವನ್ನು ಕಳಿಸುವವರಿಂದ ಪಡೆಯುವವರ ತನಕ ಎಲ್ಲೂ ಬಿಚ್ಚದ ಹಾಗೆ, ಗೊತ್ತುಮಾಡಿದ ಮಟ್ಟದ ಎನ್‌ಕ್ರಿಪ್ಷನ್‌ನಲ್ಲಿ ಇಟ್ಟರೆ, ಕೀಲಿ ಮೂರನೆಯವರ ಕೈಗೆ ಹೋಗದಿದ್ದರೆ, ನಿಷೇಧಿತ ದೇಶಗಳಲ್ಲಾಗಲಿ ರಷ್ಯಾದಲ್ಲಾಗಲಿ ಇಡದಿದ್ದರೆ, ಅದು ರಫ್ತು ಅನ್ನಿಸಿಕೊಳ್ಳುವುದಿಲ್ಲ. ನಾವು ದಿನಾ ಬಳಸುವ ಸಾಮಾನ್ಯ ಡ್ರೈವ್ ಖಾತೆಗಳು ಇದರಲ್ಲಿ ಪಾಸಾಗುವುದಿಲ್ಲ. ಕೀಲಿ ಅಲ್ಲಿ ಕಂಪನಿಯ ಹತ್ತಿರವೇ ಇರುತ್ತೆ. ಫೈಲ್ ಯಾವ ದೇಶದ ಸರ್ವರ್‌ನಲ್ಲಿ ಕೂತಿದೆ ಅನ್ನುವುದೂ ನಮಗೆ ಕಾಣುವುದಿಲ್ಲ.

"ವಾಟ್ಸಾಪ್ ಎನ್‌ಕ್ರಿಪ್ಟೆಡ್ ಅಲ್ವಾ ಸರ್?" ಪ್ರತಿ ಟ್ರೇನಿಂಗ್‌ನಲ್ಲೂ ಈ ಪ್ರಶ್ನೆ ಬರುತ್ತೆ. ದಾರಿಯಲ್ಲಿ ಹೌದು. ಆದರೆ ತಲುಪಿದ ಮೇಲೆ? ಫೋಟೋ ಗ್ಯಾಲರಿಗೆ ಹೋಗಿ ಕೂರುತ್ತೆ, ಅಲ್ಲಿಂದ ಬ್ಯಾಕಪ್‌ಗೆ ಹೋಗುತ್ತೆ. ಫೋನ್ ರಿಪೇರಿಗೆ ಕೊಟ್ಟರೆ ಅಂಗಡಿಯವನ ಕೈಗೆ. ಗ್ರೂಪ್‌ನಲ್ಲಿ ಯಾರ್ಯಾರಿದ್ದಾರೆ ಅಂತ ಹಾಕಿದವನಿಗೇ ಗೊತ್ತಿರಲ್ಲ. ನ್ಯೂಜೆರ್ಸಿಯಲ್ಲಿ ರಕ್ಷಣಾ ಇಲಾಖೆಯ ಗುತ್ತಿಗೆದಾರ ಮಹಿಳೆಯೊಬ್ಬರು ಭಾರತದಲ್ಲಿ ಪಾರ್ಟ್ ಮಾಡಿಸಲು ಸಾವಿರಾರು ಡ್ರಾಯಿಂಗ್‌ಗಳನ್ನು ಹೀಗೇ 'ಸುರಕ್ಷಿತವಾಗಿ' ಕಳಿಸಿದ್ದರು. ತಾವು ಸೇವೆ ಮಾಡುತ್ತಿದ್ದ ಚರ್ಚಿನ ವೆಬ್‌ಸೈಟ್‌ನಲ್ಲಿ, ಪಾಸ್‌ವರ್ಡ್ ಹಾಕಿದ ಪುಟಕ್ಕೆ ಏರಿಸಿ. ಲೈಸೆನ್ಸ್ ಇರಲಿಲ್ಲ. 2016ರಲ್ಲಿ ಅವರಿಗೆ 57 ತಿಂಗಳ ಜೈಲು ಆಯಿತು. ಪಾಸ್‌ವರ್ಡ್ ಇತ್ತು ಅನ್ನುವುದು ಯಾವ ಉಪಯೋಗಕ್ಕೂ ಬರಲಿಲ್ಲ.

ಗಿರಾಕಿಯ ಪೋರ್ಟಲ್: ನೋಡಬಹುದು, ಇಳಿಸಿಕೊಳ್ಳುವಂತಿಲ್ಲ ಅನ್ನುವ ಏರ್ಪಾಡು ಅವರಲ್ಲಿದ್ದರೆ ಕಣ್ಣುಮುಚ್ಚಿ ಒಪ್ಪಿಕೊಳ್ಳಿ. ನೆಟ್ ಹೋದ ದಿನ ಕೆಲಸ ನಿಲ್ಲುತ್ತೆ, ಪೀಣ್ಯದಲ್ಲಿ ಅದು ಅಪರೂಪವೂ ಅಲ್ಲ. ಆದರೂ ಸಣ್ಣ ಶಾಪ್‌ಗೆ ಇದಕ್ಕಿಂತ ನೆಮ್ಮದಿ ಬೇರೆ ಇಲ್ಲ.

ಲ್ಯಾಪ್‌ಟಾಪ್ ವಿಷಯ ಒಂದೇ ಸಾಲಿನಲ್ಲಿ: ವಿದೇಶಕ್ಕೆ ಹೋಗುವಾಗ ಖಾಲಿ ಲ್ಯಾಪ್‌ಟಾಪ್ ಒಯ್ಯಿರಿ. ಅಮೆರಿಕದ ರಕ್ಷಣಾ ಕಂಪನಿ ಆರ್‌ಟಿಎಕ್ಸ್ 2024ರಲ್ಲಿ 20 ಕೋಟಿ ಡಾಲರ್‌ಗೆ ಒಪ್ಪಂದ ಮಾಡಿಕೊಂಡ ಪ್ರಕರಣದಲ್ಲಿ, ಉದ್ಯೋಗಿಗಳು ನಿಯಂತ್ರಿತ ಡೇಟಾ ಇದ್ದ ಲ್ಯಾಪ್‌ಟಾಪ್ ಹಿಡಿದು ರಷ್ಯಾ, ಇರಾನ್, ಲೆಬನಾನ್‌ಗೆ ಹೋಗಿದ್ದೂ ಸೇರಿತ್ತು.

ಹೊರಗಿನ ವೆಂಡರ್‌ಗೆ ಪೂರ್ತಿ ಡ್ರಾಯಿಂಗ್ ಕೊಡಲೇಬೇಕಾ ಅಂತ ಒಮ್ಮೆ ಯೋಚಿಸಿ. ಅನೊಡೈಸಿಂಗ್‌ನವರಿಗೆ ಬೇಕಿರುವುದು ಎಲ್ಲಿ ಕೋಟಿಂಗ್, ಎಷ್ಟು ದಪ್ಪ, ಎಲ್ಲಿ ಮಾಸ್ಕಿಂಗ್, ಇಷ್ಟೇ. ಗಿರಾಕಿಗೆ ತೋರಿಸಿ ಒಪ್ಪಿಸಿಕೊಂಡು ಅಷ್ಟನ್ನೇ ಬೇರೆ ಹಾಳೆಯಲ್ಲಿ ಬರೆದುಕೊಡಿ. ಡ್ರಾಯಿಂಗ್ ನೋಡಿ ಪಾರ್ಟ್ ಮಾಡಿಕೊಡುವ ಆರ್ಡರ್‌ಗಳಿಗೆ ಐಟಾರ್‌ನಲ್ಲಿ ಬೇರೆಯೇ ಕ್ರಮ ಇದೆ. ಅದರ ಪ್ರಕಾರ ಡ್ರಾಯಿಂಗನ್ನು ಆ ಆರ್ಡರ್‌ಗಷ್ಟೇ ಬಳಸಬೇಕು, ಇದೇ ದೇಶದ ಉಪಗುತ್ತಿಗೆದಾರರಿಗೆ ಬಿಟ್ಟು ಬೇರೆ ಯಾರಿಗೂ ಕೊಡಬಾರದು, ಅವರ ಮೇಲೂ ಅದೇ ಷರತ್ತು ಬರವಣಿಗೆಯಲ್ಲಿ ಹಾಕಬೇಕು, ಕೆಲಸ ಮುಗಿದ ಮೇಲೆ ವಾಪಸ್ ಕೊಡಬೇಕು ಇಲ್ಲಾ ನಾಶ ಮಾಡಬೇಕು. "ಮುಂದಿನ ಆರ್ಡರ್‌ಗೆ ಬೇಕಾಗುತ್ತೆ, ಇಟ್ಟಿರೋಣ" ಅನ್ನುವ ನಮ್ಮ ಗುಣಕ್ಕೆ ಇದು ನೇರ ಅಡ್ಡ. ಹಾಗೇ ರಿಜೆಕ್ಟ್ ಆದ ಪಾರ್ಟ್‌ಗಳನ್ನು ಇಡಿಯಾಗಿ ಗುಜರಿಗೆ ಹಾಕಬೇಡಿ. ಬ್ಯಾಂಡ್‌ಸಾ ಹಚ್ಚಿ ಎರಡು ತುಂಡು ಮಾಡಿ, ಫೋಟೋ ತೆಗೆದು, ಆಮೇಲೆ ತೂಕಕ್ಕೆ ಹಾಕಿ.

ಹಾಗಾದರೆ ನಿಮಗೆ ಯಾವುದು?

ಎಂಟು ಮಷಿನ್‌ನ ಆ ಸ್ನೇಹಿತರಿಗೆ ನಾನು ಹೇಳಿದ್ದು ಇಷ್ಟು. ಡ್ರಾಯಿಂಗ್ ಹನ್ನೆರಡು, ಹೊರಗಿನ ಕೆಲಸ ಎರಡೇ, ಗಿರಾಕಿ ಒಬ್ಬರೇ. ಮೊದಲ ದಾರಿ ಸಾಕು. ವರ್ಗೀಕರಣಕ್ಕೆ, ಮೊದಲ ಅರ್ಜಿಗೆ ಮಾತ್ರ ಕನ್ಸಲ್ಟೆಂಟ್, ಕೆಲಸಕ್ಕಿಷ್ಟು ಅಂತ ಫೀಸ್ ಮಾತಾಡಿ, ತಿಂಗಳ ಲೆಕ್ಕದಲ್ಲಿ ಬೇಡ. ರೇಟ್ ಕೊಡುವಾಗ ಈ ಖರ್ಚನ್ನೂ, ಅನುಮತಿಗೆ ಹಿಡಿಯುವ ಸಮಯವನ್ನೂ ಸೇರಿಸಿ. ಡೆಲಿವರಿ ದಿನಾಂಕವನ್ನು ಪಿಓ ಬಂದ ದಿನದಿಂದ ಎಣಿಸಬೇಡಿ, ಅನುಮತಿ ಬಂದ ದಿನದಿಂದ ಎಣಿಸುವ ಹಾಗೆ ಬರೆಸಿ.

ಹೊರಗಿನ ಕೆಲಸವೇ ಜಾಸ್ತಿ ಇದ್ದು, ವೆಂಡರ್‌ಗಳು ಬರವಣಿಗೆಗೆ ಸಹಿ ಹಾಕುವ ಪೈಕಿ ಅಲ್ಲದಿದ್ದರೆ, ಎಷ್ಟೇ ಒಳ್ಳೆಯ ರೇಟ್ ಇದ್ದರೂ ಈಗ ಬೇಡ ಅನ್ನಿ. ಎರಡು ವೆಂಡರ್‌ಗಳನ್ನು ತಯಾರು ಮಾಡಿಕೊಂಡು ಮುಂದಿನ ಸಲ ಹಿಡಿಯಬಹುದು. ವಹಿವಾಟಿನ ಮೂರನೇ ಒಂದು ಪಾಲು ಇಂಥ ಕೆಲಸದಿಂದಲೇ ಬರುವಂತಾದರೆ, ಆಗ ಕ್ವಾಲಿಟಿಯವರಿಗೆ ಅರ್ಧ ಹೊತ್ತು ಕೊಡುವುದರಿಂದ ಶುರು ಮಾಡಿ.

ಈಗಾಗಲೇ ಏನೋ ಜಾರಿಬಿಟ್ಟಿದೆ, ಯಾರದೋ ಫೋನಿಗೆ ಡ್ರಾಯಿಂಗ್ ಹೋಗಿದೆ ಅಂತ ಓದುವಾಗಲೇ ನೆನಪಾದವರೂ ಇರುತ್ತೀರಿ. ಗಾಬರಿಯಲ್ಲಿ ಡಿಲೀಟ್ ಮಾಡಿ ಸುಮ್ನೆ ಕೂರಬೇಡಿ. ಯಾರಿಗೆ ಹೋಯಿತು, ಯಾವಾಗ, ಅವರು ಮುಂದೆ ಯಾರಿಗೆ ಕಳಿಸಿದರು ಅಂತ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ. ಆಮೇಲೆ ಗಿರಾಕಿಗೆ ತಿಳಿಸಿ. ಸ್ವಂತ ಇಷ್ಟದಿಂದ ತಪ್ಪು ಒಪ್ಪಿಕೊಂಡು ಹೇಳುವ ಕ್ರಮ ಅಮೆರಿಕದ ನಿಯಮದಲ್ಲೇ ಇದೆ, ಅದರಿಂದ ದಂಡ ಕಡಿಮೆಯಾಗಬಹುದು. ಆದರೆ ಅದನ್ನು ಬಳಸಿಕೊಳ್ಳಬೇಕಾದವರು ಗಿರಾಕಿ, ಅವರಿಗೆ ಗೊತ್ತಾಗಬೇಕಾದದ್ದು ನಿಮ್ಮಿಂದ. ನನ್ನ ಅನೊಡೈಸಿಂಗ್ ಗೋಡೆಯ ಕಥೆಯಲ್ಲೂ ಮಾಲೀಕರು ಅದೇ ಸಂಜೆ ಮೇಲ್ ಹಾಕಿದರು. ಮೂರು ದಿನ ಅವರಿಗೆ ಊಟ ಸೇರಲಿಲ್ಲ. ನಾಲ್ಕನೇ ದಿನ ಗಿರಾಕಿಯಿಂದ ಹನ್ನೊಂದು ಪ್ರಶ್ನೆಗಳ ಒಂದು ಪಟ್ಟಿ ಬಂತು, ಜೊತೆಗೆ ಮುಂದಿನ ಲಾಟ್‌ನ ಪಿಓ ಕೂಡ.